ನಾರಾಗೆ ಹೋಗುವ ಮೊದಲು: ಒಂದು ದಿನದ ಗೈಡ್ ಟೂರಿನಲ್ಲಿ ನೋಡುವುದು ಏನು, ಯಾಕೆ

ಜಪಾನ್ ಪ್ರವಾಸದ ಪ್ಯಾಕೇಜ್ ತೆಗೆದುಕೊಂಡವರಿಗೆ ಒಂದು ಪಟ್ಟಿ ಕೊಡುತ್ತಾರೆ. ಯಾವ ದಿನ ಎಲ್ಲಿ ಅಂತ. ಅದರಲ್ಲಿ ಐದನೇ ದಿನವೋ ಆರನೇ ದಿನವೋ ಒಂದು ಸಾಲು ಇರುತ್ತದೆ: ನಾರಾ, ಪೂರ್ತಿ ದಿನ, ಗೈಡ್ ಸಮೇತ, ತೋದೈಜಿ, ಜಿಂಕೆ ಪಾರ್ಕ್, ಕಸುಗಾ ತೈಶಾ. ಅಷ್ಟೇ. ಓದಿದರೆ ಏನೂ ಗೊತ್ತಾಗುವುದಿಲ್ಲ, ಅಲ್ವಾ?

ನಮ್ಮವರು ಜಪಾನಿಗೆ ಹೋಗುವುದು ಈಗ ಜಾಸ್ತಿಯಾಗಿದೆ. ಬೆಂಗಳೂರಿನಿಂದ ಟೋಕಿಯೋದ ನರಿತಾಗೆ ನೇರ ವಿಮಾನ ಇದೆ. 2024ರಿಂದ ಭಾರತದ ಪ್ರವಾಸಿಗರಿಗೆ ಇ-ವೀಸಾ ಸಿಗುತ್ತಿದೆ. ಯೆನ್ ಬೆಲೆ ಇಳಿದಿರುವುದರಿಂದ ಖರ್ಚೂ ಮೊದಲಿನಷ್ಟು ಹೆದರಿಸುವುದಿಲ್ಲ. ಆದರೆ ನಾರಾಗೆ ಹೋಗಿ ಬಂದವರನ್ನು ಕೇಳಿ ನೋಡಿ. ಜಿಂಕೆ ಫೋಟೋ ತೋರಿಸುತ್ತಾರೆ, ದೊಡ್ಡ ಬುದ್ಧ ಇದ್ದ ಅನ್ನುತ್ತಾರೆ. ಅಷ್ಟು ದೊಡ್ಡ ಬುದ್ಧನನ್ನು ಯಾಕೆ ಮಾಡಿದರು, ಅವನ ಕಣ್ಣು ಬಿಡಿಸಿದವರು ದಕ್ಷಿಣ ಭಾರತದಿಂದ ಹೋದ ಒಬ್ಬ ಭಿಕ್ಷು ಅನ್ನುವುದು ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ. ಗೈಡ್ ಹೇಳಿರುತ್ತಾರೆ. ಆದರೆ ಗುಂಪಿನ ಹಿಂದೆ ಓಡುತ್ತಾ, ಕೇಳರಿಯದ ಹೆಸರುಗಳ ಮಧ್ಯೆ, ಅದು ಕಿವಿಗೆ ಬೀಳದೆ ಹೋಗುತ್ತದೆ. ಅದಕ್ಕೇ ಆ ದಿನದ ಕಥೆಯನ್ನು ಹೋಗುವ ಮೊದಲೇ, ನಿಧಾನವಾಗಿ ಇಲ್ಲಿ ಹೇಳುತ್ತಿದ್ದೇನೆ.

## ನಾರಾ ಅಂದರೆ ಏನು

ನಾರಾ ಜಪಾನಿನ ಹಳೆಯ ರಾಜಧಾನಿ. ಆಗಿನ ಹೆಸರು ಹೇಜೋ-ಕ್ಯೋ. 710ರಿಂದ 784ರವರೆಗೆ, ಬರೀ 74 ವರ್ಷ ರಾಜಧಾನಿಯಾಗಿತ್ತು. ಕ್ಯೋಟೋಗಿಂತ ಹಳೆಯದು. ಕ್ಯೋಟೋ ರಾಜಧಾನಿಯಾದದ್ದು 794ರಲ್ಲಿ.

ಅದಕ್ಕೂ ಮೊದಲು ಜಪಾನಿನಲ್ಲಿ ಒಂದು ಪದ್ಧತಿ ಇತ್ತು. ಹೊಸ ರಾಜ ಬಂದರೆ ಅರಮನೆಯೂ ಬೇರೆ ಜಾಗಕ್ಕೆ ಹೋಗುತ್ತಿತ್ತು. ಆಮೇಲೆ ಚೀನಾದ ತಾಂಗ್ ದೊರೆಗಳ ಆಡಳಿತ ನೋಡಿ, ನಮಗೂ ಅಂಥ ಗಟ್ಟಿ ರಾಜಧಾನಿ ಬೇಕು ಅಂದುಕೊಂಡರು. ತಾಂಗ್ ರಾಜಧಾನಿ ಚಾಂಗ್‌ಆನ್‌ನ ಮಾದರಿಯಲ್ಲಿ, ಚದುರಂಗದ ಮಣೆಯ ಹಾಗೆ ಚೌಕ ಚೌಕವಾಗಿ ಬೀದಿ ಹಾಕಿ ಊರು ಕಟ್ಟಿದರು. ನಡುವಿನ ರಾಜಬೀದಿಯ ಅಗಲ ಸುಮಾರು 74 ಮೀಟರ್. ಬೌದ್ಧ ಧರ್ಮ, ಬರವಣಿಗೆ, ಕಾನೂನು, ಸಂಗೀತ, ಕಟ್ಟಡ ಕಟ್ಟುವ ವಿದ್ಯೆ, ಎಲ್ಲವೂ ಚೀನಾ ಮತ್ತು ಕೊರಿಯಾ ದಾರಿಯಾಗಿ ಇಲ್ಲಿಗೆ ಬಂದು ಸೇರಿತು. ಅದರಲ್ಲಿ ಎಷ್ಟೋ ಹೊರಟದ್ದು ಭಾರತದಿಂದ.

ಕಾಲದ ಅಂದಾಜು ಸಿಗಲಿ ಅಂತ ಒಂದು ಮಾತು. ನಾರಾದಲ್ಲಿ ಇದೆಲ್ಲ ನಡೆಯುತ್ತಿದ್ದಾಗ ನಮ್ಮಲ್ಲಿ ಬಾದಾಮಿ ಚಾಲುಕ್ಯರು ಪಟ್ಟದಕಲ್ಲಿನಲ್ಲಿ ಗುಡಿ ಕಟ್ಟಿಸುತ್ತಿದ್ದರು. ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಸ್ಥಾನ 740ರ ಆಸುಪಾಸಿನದು. ನಾರಾದ ದೊಡ್ಡ ಬುದ್ಧನೂ ಹೆಚ್ಚುಕಡಿಮೆ ಅದೇ ಹೊತ್ತಿನವನು. ನಮ್ಮದು ಕಲ್ಲು, ಅವರದು ಮರ. ಈ ಒಂದು ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

784ರಲ್ಲಿ ಕನ್ಮು ಚಕ್ರವರ್ತಿ ರಾಜಧಾನಿಯನ್ನು ಇಲ್ಲಿಂದ ಎತ್ತಿದ. ನಾರಾದ ದೊಡ್ಡ ದೊಡ್ಡ ದೇವಸ್ಥಾನಗಳ ಕೈ ಆಡಳಿತದಲ್ಲಿ ಜಾಸ್ತಿ ಆಗಿದ್ದದ್ದು ಒಂದು ಕಾರಣ ಎನ್ನುತ್ತಾರೆ. ರಾಜ ಹೋದ, ದೇವಸ್ಥಾನಗಳು ಉಳಿದವು. ಅರಮನೆ ಇದ್ದ ಜಾಗ ಕಾಲಕ್ರಮದಲ್ಲಿ ಭತ್ತದ ಗದ್ದೆಯಾಯಿತು. ಹೀಗಾಗಿ ನೀವು ನೋಡುವ ನಾರಾ ಅಂದರೆ ಮುಖ್ಯವಾಗಿ ದೇವಸ್ಥಾನಗಳ ನಾರಾ.

## ಗೈಡ್ ಯಾರು, ದಿನ ಹೇಗೆ ಸಾಗುತ್ತದೆ

ಜಪಾನಿನಲ್ಲಿ ಗೈಡ್ ಕೆಲಸಕ್ಕೆ ಒಂದು ಸರ್ಕಾರಿ ಪರೀಕ್ಷೆ ಇದೆ. ಇತಿಹಾಸ, ಭೂಗೋಳ, ವಿದೇಶಿ ಭಾಷೆ ಎಲ್ಲ ಕೇಳುತ್ತಾರೆ. 1949ರ ಕಾನೂನಿನ ಪ್ರಕಾರ ಅದರಲ್ಲಿ ಪಾಸಾದವರು ಮಾತ್ರ ಸಂಬಳಕ್ಕೆ ವಿದೇಶಿಯರನ್ನು ಅವರ ಭಾಷೆಯಲ್ಲಿ ಸುತ್ತಾಡಿಸಬಹುದಿತ್ತು. 2018ರಲ್ಲಿ ಆ ನಿಯಮ ಸಡಿಲವಾಯಿತು. ಈಗ ಪರೀಕ್ಷೆ ಬರೆಯದವರೂ ಆ ಕೆಲಸ ಮಾಡಬಹುದು, ಆದರೆ ‘ತ್ಸೂಯಾಕು ಅನ್ನೈಶಿ’ ಎಂಬ ಹೆಸರು ಪಾಸಾದವರಿಗೆ ಮಾತ್ರ. ಇತಿಹಾಸದಲ್ಲಿ ಆಸಕ್ತಿ ಇದ್ದರೆ ಬುಕ್ ಮಾಡುವಾಗ ಅದನ್ನು ಕೇಳುವುದು ಒಳ್ಳೆಯದು.

ಇನ್ನೊಂದು ಬಗೆ ಸ್ವಯಂಸೇವಕ ಗೈಡ್‌ಗಳು. ನಿವೃತ್ತರು, ಗೃಹಿಣಿಯರು, ಕಾಲೇಜು ಮಕ್ಕಳು. ಅವರು ಸಂಬಳ ತೆಗೆದುಕೊಳ್ಳುವುದಿಲ್ಲ. ಓಡಾಟದ ಖರ್ಚು, ಪ್ರವೇಶ ಟಿಕೆಟ್ಟು ಇಂಥದ್ದನ್ನು ನೀವು ನೋಡಿಕೊಳ್ಳಬೇಕು. ಮೊದಲೇ ಬರೆದು ತಿಳಿಸಿರಬೇಕು. ಯಾವ ಗೈಡಿಗೂ ಟಿಪ್ಸ್ ಕೊಡುವ ಪದ್ಧತಿ ಅಲ್ಲಿಲ್ಲ. ಒತ್ತಾಯ ಮಾಡಿದರೆ ಅವರಿಗೇ ಮುಜುಗರ.

ಕ್ಯೋಟೋದಿಂದ ಬಸ್ಸಿನಲ್ಲಿ ಕರೆದೊಯ್ಯುವ ಟೂರುಗಳಲ್ಲಿ ನಾರಾಗೆ ಅರ್ಧ ದಿನ ಸಿಗುವುದೇ ಹೆಚ್ಚು. ಬೆಳಿಗ್ಗೆ ಕ್ಯೋಟೋ, ಮಧ್ಯಾಹ್ನ ನಾರಾ. ಎರಡು ಜಾಗ ನೋಡಿದ ಹಾಗಾಗುತ್ತದೆ, ನಿಜ, ಆದರೆ ನನ್ನ ಮಟ್ಟಿಗೆ ನಾರಾಗೆ ಪೂರ್ತಿ ದಿನ ಬೇಕು. ರೈಲಿನಲ್ಲಿ ಹೋಗುವವರಿಗೆ ಕ್ಯೋಟೋದಿಂದ ಕಿಂತೆತ್ಸು ಕಂಪನಿಯ ಲಿಮಿಟೆಡ್ ಎಕ್ಸ್‌ಪ್ರೆಸ್‌ನಲ್ಲಿ ಸುಮಾರು 35 ನಿಮಿಷ, ಜೆಆರ್ (ಜಪಾನ್ ರೈಲ್ವೇಸ್) ರೈಲಿನಲ್ಲಿ ಸುಮಾರು 45 ನಿಮಿಷ. ಜೆಆರ್ ಪಾಸ್ ಇದ್ದವರು ಜೆಆರ್‌ನಲ್ಲೇ ಹೋಗುತ್ತಾರೆ, ಆದರೆ ಜಿಂಕೆ ಪಾರ್ಕಿಗೆ ಹತ್ತಿರ ಇರುವುದು ಕಿಂತೆತ್ಸು ನಾರಾ ಸ್ಟೇಷನ್. ಅಲ್ಲಿಂದ ಎಲ್ಲವೂ ನಡಿಗೆಯೇ. ದಿನದ ಕೊನೆಗೆ ಏಳೆಂಟು ಕಿಲೋಮೀಟರ್ ಆಗಿರುತ್ತದೆ, ಆದ್ದರಿಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಇದನ್ನು ಮೊದಲೇ ಗೈಡಿಗೆ ಹೇಳಿ, ಕಸುಗಾ ತೈಶಾವರೆಗೆ ಬಸ್ಸು ಹಿಡಿಯುವ ವ್ಯವಸ್ಥೆ ಮಾಡಿಸಿಕೊಳ್ಳಿ.

## ಹೆಸರಿನ ಬಾಲ ನೋಡಿದರೆ ಸಾಕು

ಹೆಸರಿನ ಕೊನೆಯಲ್ಲಿ ‘ಜಿ’ ಅಥವಾ ‘ದೇರಾ’ ಇದ್ದರೆ ಅದು ಬೌದ್ಧ ದೇವಸ್ಥಾನ. ತೋದೈಜಿ, ಕೋಫುಕುಜಿ ಇತ್ಯಾದಿ. ‘ಜಿಂಜಾ’ ಅಥವಾ ‘ತೈಶಾ’ ಇದ್ದರೆ ಅದು ಶಿಂತೋ ಗುಡಿ. ಶಿಂತೋ ಅಂದರೆ ಜಪಾನಿನ ಸ್ವಂತ, ಬೌದ್ಧ ಧರ್ಮ ಬರುವುದಕ್ಕೂ ಮೊದಲಿನ ಪೂಜಾ ಪದ್ಧತಿ. ಬೆಟ್ಟ, ಮರ, ನೀರು, ಕುಲದ ಹಿರಿಯರು, ಇವರಲ್ಲೆಲ್ಲ ‘ಕಾಮಿ’ ಎಂಬ ದೈವ ಇದೆ ಎಂಬ ನಂಬಿಕೆ. ನಮ್ಮ ಊರುಗಳ ಗ್ರಾಮದೇವತೆ, ನಾಗಬನ, ಭೂತದ ಗುಡಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶಿಂತೋ ಗುಡಿಯ ಮುಂದೆ ‘ತೋರಿ’ ಎಂಬ ಹೆಬ್ಬಾಗಿಲು ಇರುತ್ತದೆ, ಎರಡು ಕಂಬ, ಮೇಲೆ ಅಡ್ಡ ತೊಲೆ. ಒಳಗೆ ಗುಡಿಯ ಎದುರು ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಬೇಡಿಕೊಂಡು, ಮತ್ತೊಮ್ಮೆ ಬಾಗುತ್ತಾರೆ. ಬೌದ್ಧ ದೇವಸ್ಥಾನದಲ್ಲಿ ಚಪ್ಪಾಳೆ ಇಲ್ಲ, ನಮ್ಮ ಹಾಗೇ ಕೈ ಮುಗಿಯುವುದು.

ಸಾವಿರ ವರ್ಷಕ್ಕೂ ಹೆಚ್ಚು ಕಾಲ ಈ ಎರಡೂ ಬೆರೆತೇ ಇದ್ದವು. ಒಂದೇ ಅಂಗಳದಲ್ಲಿ ಬುದ್ಧನೂ ಇದ್ದ, ಕಾಮಿಯೂ ಇತ್ತು. 1868ರಲ್ಲಿ ಬಂದ ಹೊಸ ಸರ್ಕಾರ ಎರಡನ್ನೂ ಬೇರೆ ಮಾಡಬೇಕೆಂದು ಆಜ್ಞೆ ಹೊರಡಿಸಿತು. ಆ ಆಜ್ಞೆಯ ಗುರುತನ್ನು ನೀವು ಮೊದಲ ಜಾಗದಲ್ಲೇ ನೋಡುತ್ತೀರಿ.

## ಕೋಫುಕುಜಿ, ಮತ್ತು ಒಬ್ಬ ಬೇಸರದ ಅಸುರ

ಕಿಂತೆತ್ಸು ಸ್ಟೇಷನ್ನಿನಿಂದ ಐದು ನಿಮಿಷ ಏರಿದರೆ ಕೋಫುಕುಜಿ. ಇದಕ್ಕೆ ಸುತ್ತುಗೋಡೆಯೇ ಇಲ್ಲ. ದೇವಸ್ಥಾನ ಎಲ್ಲಿ ಮುಗಿಯಿತು, ಪಾರ್ಕ್ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಯಾಕೆ ಅಂದರೆ, ಇದು ಫುಜಿವಾರಾ ಎಂಬ ಪ್ರಬಲ ಮನೆತನದ ಬೌದ್ಧ ದೇವಸ್ಥಾನ, ಕಸುಗಾ ತೈಶಾ ಅದೇ ಮನೆತನದ ಶಿಂತೋ ಗುಡಿ. ಎರಡೂ ಒಂದೇ ಸಂಸ್ಥೆಯ ಹಾಗೆ ನಡೆಯುತ್ತಿದ್ದವು. 1868ರ ಆಜ್ಞೆ ಬಂದಾಗ ಕೋಫುಕುಜಿಯ ಭಿಕ್ಷುಗಳು ಕಸುಗಾದ ಪೂಜಾರಿಗಳಾದರು, ದೇವಸ್ಥಾನ ಅನಾಥವಾಯಿತು, ಗೋಡೆ ಕೆಡವಿದರು, ಜಮೀನು ಹೋಯಿತು. ಐದು ಅಂತಸ್ತಿನ ಪಗೋಡವನ್ನೇ ಮಾರಲು ಹೊರಟಿದ್ದರು ಎಂಬ ಕಥೆ ಇದೆ. 1880ರಲ್ಲಿ ಆ ಜಾಗದಲ್ಲೇ ನಾರಾ ಪಾರ್ಕ್ ಶುರುವಾಯಿತು.

ಆ ಪಗೋಡ 1426ರದು. ಎತ್ತರ ಸುಮಾರು 50 ಮೀಟರ್. ಪಗೋಡ ಅಂದರೆ ನಮ್ಮ ಸ್ತೂಪವೇ. ಸಾಂಚಿಯಲ್ಲಿ ಗುಂಡಗಿದ್ದದ್ದು ಚೀನಾ ದಾಟುವಷ್ಟರಲ್ಲಿ ಅಂತಸ್ತಿನ ಗೋಪುರವಾಯಿತು. ಸದ್ಯ ಅದರ ದೊಡ್ಡ ದುರಸ್ತಿ ನಡೆಯುತ್ತಿದೆ. ಹಲವು ವರ್ಷದ ಕೆಲಸ, ಪಗೋಡಕ್ಕೆ ಪೂರ್ತಿ ಹೊದಿಕೆ ಹಾಕಿದ್ದಾರೆ. ಬೇಜಾರು ಮಾಡಿಕೊಳ್ಳದೆ ಪಕ್ಕದ ‘ರಾಷ್ಟ್ರೀಯ ನಿಧಿ ಭವನ’ಕ್ಕೆ ಹೋಗಿ. ಟೂರುಗಳಲ್ಲಿ ಇದನ್ನು ಬಿಟ್ಟುಬಿಡುವುದು ಸಾಮಾನ್ಯ. ಬಿಡಬೇಡಿ, ಗೈಡಿಗೆ ಹೇಳಿ.

ಒಳಗೆ ‘ಅಶುರಾ’ ಇದ್ದಾನೆ. ಹೌದು, ನಮ್ಮ ಪುರಾಣದ ಅಸುರನೇ. ಮೂರು ಮುಖ, ಆರು ಕೈ. ಆದರೆ ಕೋರೆಹಲ್ಲಿಲ್ಲ. ಹುಬ್ಬು ಸ್ವಲ್ಪ ಗಂಟಿಕ್ಕಿದ, ಏನನ್ನೋ ನೆನೆದು ಮನಸ್ಸು ಭಾರ ಮಾಡಿಕೊಂಡ ಹುಡುಗನ ಮುಖ. ಬುದ್ಧನ ಮಾತು ಕೇಳಿ ಯುದ್ಧ ಬಿಟ್ಟ ಅಸುರ ಅವನು. 734ರಲ್ಲಿ ಕೋಮ್ಯೋ ರಾಣಿ ತೀರಿಹೋದ ತಾಯಿಯ ನೆನಪಿಗೆ ಮಾಡಿಸಿದ್ದು. ಪಕ್ಕದಲ್ಲೇ ಕರುರಾ, ಕಿನ್ನರಾ, ಕೆಂದತ್ಸುಬಾ ನಿಂತಿದ್ದಾರೆ. ಗರುಡ, ಕಿನ್ನರ, ಗಂಧರ್ವ! ಅಷ್ಟು ದೂರ ಹೋಗಿ ಈ ಹೆಸರುಗಳನ್ನು ಓದುವಾಗ ಆಗುವ ಸಂತೋಷವೇ ಬೇರೆ. ಬೇರೆ ಕಡೆಗಳಲ್ಲಿ ಬೊಂತೆನ್ ಅಂತ ಕಂಡರೆ ಬ್ರಹ್ಮ, ತೈಶಾಕುತೆನ್ ಇಂದ್ರ, ಬೆಂಜೈತೆನ್ ಸರಸ್ವತಿ, ಕಿಚಿಜೋತೆನ್ ಲಕ್ಷ್ಮಿ. ‘ತೆನ್’ ಅಂದರೆ ದೇವತೆ.

ಈ ಅಸುರ ಉಳಿದದ್ದು ಹೇಗೆ ಅನ್ನುವುದೂ ತಿಳಿಯಬೇಕಾದ ವಿಷಯ. ಕೋಫುಕುಜಿಗೆ ಎಷ್ಟೋ ಸಲ ಬೆಂಕಿ ಬಿದ್ದಿದೆ. ಈ ಮೂರ್ತಿ ಮರದ್ದೂ ಅಲ್ಲ, ಲೋಹದ್ದೂ ಅಲ್ಲ. ಮಣ್ಣಿನಲ್ಲಿ ರೂಪ ಮಾಡಿ, ಅದರ ಮೇಲೆ ಸೆಣಬಿನ ಬಟ್ಟೆಯನ್ನು ಉರುಶಿ ಎಂಬ ಮರದ ಅಂಟಿನಲ್ಲಿ ಅದ್ದಿ ಪದರ ಪದರವಾಗಿ ಸುತ್ತಿ, ಒಣಗಿದ ಮೇಲೆ ಒಳಗಿನ ಮಣ್ಣನ್ನು ತೆಗೆದುಬಿಡುತ್ತಾರೆ. ಒಳಗೆ ಟೊಳ್ಳು. 153 ಸೆಂಟಿಮೀಟರ್ ಎತ್ತರದ ಮೂರ್ತಿಯಾದರೂ ತುಂಬಾ ಹಗುರ. ಬೆಂಕಿ ಬಿದ್ದಾಗ ಎತ್ತಿಕೊಂಡು ಓಡಬಹುದಾದಷ್ಟು ಹಗುರ.

## ಜಿಂಕೆಗಳು ಯಾಕೆ ಅಲ್ಲಿವೆ

ನಾರಾ ಪಾರ್ಕಿನಲ್ಲಿ 1,300ಕ್ಕೂ ಜಾಸ್ತಿ ಜಿಂಕೆಗಳಿವೆ. ಸಾಕಿದವಲ್ಲ, ಕಾಡಿನವೇ. ಬೇಲಿ ಇಲ್ಲ, ಒಡೆಯರಿಲ್ಲ. ಕಸುಗಾ ತೈಶಾದ ದೇವರಲ್ಲಿ ಒಬ್ಬನಾದ ತಾಕೆಮಿಕಾಜುಚಿ ದೂರದ ಕಾಶಿಮಾದಿಂದ ಬಿಳಿ ಜಿಂಕೆ ಏರಿ ಇಲ್ಲಿಗೆ ಬಂದ ಎಂಬ ನಂಬಿಕೆ. ಆದ್ದರಿಂದ ಜಿಂಕೆ ದೇವರ ದೂತ. ಸುಬ್ರಹ್ಮಣ್ಯನಿಗೆ ನವಿಲು ಇದ್ದ ಹಾಗೆ. 1957ರಲ್ಲಿ ಸರ್ಕಾರ ಇವನ್ನು ರಾಷ್ಟ್ರದ ನೈಸರ್ಗಿಕ ಸ್ಮಾರಕ ಎಂದು ಘೋಷಿಸಿತು.

ಇವುಗಳಿಗೆ ಕೊಡಬಹುದಾದದ್ದು ಒಂದೇ, ಅಲ್ಲೇ ಮಾರುವ ‘ಶಿಕಾ ಸೆಂಬೇ’ ಎಂಬ ಜಿಂಕೆ ಬಿಸ್ಕತ್ತು. ಅಕ್ಕಿ ತೌಡು ಮತ್ತು ಗೋಧಿ ಹಿಟ್ಟಿನಿಂದ ಮಾಡಿದ್ದು, ಸಕ್ಕರೆ ಇಲ್ಲ. ಕಟ್ಟು 200 ಯೆನ್. ಕಟ್ಟಿಗೆ ಸುತ್ತಿದ ಕಾಗದದ ಪಟ್ಟಿಯನ್ನೂ ಜಿಂಕೆ ತಿಂದರೆ ತೊಂದರೆ ಆಗದ ಹಾಗೆ ಮಾಡಿದ್ದಾರೆ. ಚಿಪ್ಸು, ಬ್ರೆಡ್ಡು, ಬಾಳೆಹಣ್ಣು ಏನೂ ಕೊಡಬೇಡಿ. ಪ್ಲಾಸ್ಟಿಕ್ ಚೀಲ ಕೈಯಲ್ಲಿ ನೇತಾಡಿಸಿಕೊಂಡು ಹೋಗಬೇಡಿ. ಸತ್ತ ಜಿಂಕೆಗಳ ಹೊಟ್ಟೆಯಲ್ಲಿ ಕಿಲೋಗಟ್ಟಲೆ ಪ್ಲಾಸ್ಟಿಕ್ ಸಿಕ್ಕಿದ ಉದಾಹರಣೆ ಇದೆ. ಪಾರ್ಕಿನಲ್ಲಿ ಕಸ ಬಿಸಾಡಬೇಡಿ, ನಿಮ್ಮ ಕಸ ನಿಮ್ಮ ಬ್ಯಾಗಿನಲ್ಲೇ ವಾಪಸ್ ಹೋಗಬೇಕು.

ತಲೆ ಬಾಗಿಸುವ ಜಿಂಕೆಗಳ ವಿಡಿಯೋ ನೀವು ನೋಡಿರುತ್ತೀರಿ. ಬಾಗಿದರೆ ಬಿಸ್ಕತ್ತು ಸಿಗುತ್ತದೆ ಎಂದು ಅವು ಕಲಿತಿವೆ. ಆದರೆ ಬಿಸ್ಕತ್ತು ತೋರಿಸಿ ತೋರಿಸಿ ಆಟ ಆಡಿಸಿದರೆ ಕಚ್ಚುತ್ತವೆ, ಗುದ್ದುತ್ತವೆ. ಬೇಗ ಕೊಟ್ಟು, ಖಾಲಿ ಕೈ ತೋರಿಸಿ. ಶರತ್ಕಾಲದಲ್ಲಿ ಗಂಡು ಜಿಂಕೆಗೆ ಮದ ಬರುವ ಸಮಯ, ಮೇನಿಂದ ಜುಲೈ ಮರಿಗಳ ಸಮಯ. ಆಗ ಮಕ್ಕಳನ್ನು ತೀರಾ ಹತ್ತಿರ ಬಿಡಬೇಡಿ. ಗಂಡು ಜಿಂಕೆಗಳ ಕೊಂಬು ಕತ್ತರಿಸುವ ಪದ್ಧತಿ 1670ರ ದಶಕದಿಂದಲೂ ಇದೆ. ಈಗ ಅಕ್ಟೋಬರ್‌ನಲ್ಲಿ ಅದನ್ನು ಹಬ್ಬದ ಹಾಗೆ ಮಾಡುತ್ತಾರೆ. ಒಣಗಿದ ಕೊಂಬು, ಉಗುರು ಕತ್ತರಿಸಿದ ಹಾಗೆ, ನೋವಾಗುವುದಿಲ್ಲ.

## ದೊಡ್ಡ ಬುದ್ಧ: ಒಂದು ರೋಗದಿಂದ ಶುರುವಾದ ಕಥೆ

ದೊಡ್ಡ ಬುದ್ಧ ಇರುವ ತೋದೈಜಿಗೆ ಹೋಗುವ ದಾರಿಯಲ್ಲಿ ಮೊದಲು ಸಿಗುವುದು ನಂದೈಮೋನ್, ಅಂದರೆ ದಕ್ಷಿಣದ ಮಹಾದ್ವಾರ. 1199ರದು. ಅದರ ಎರಡು ಕಡೆ ಕತ್ತಲಲ್ಲಿ ನಿಂತಿರುವ ಇಬ್ಬರು ಕಾವಲುಗಾರರನ್ನು ನೋಡದೆ ಮುಂದೆ ಹೋಗಬೇಡಿ. 8.4 ಮೀಟರ್ ಎತ್ತರದ ಮರದ ಮೂರ್ತಿಗಳು. 1203ರಲ್ಲಿ ಉಂಕೇ, ಕೈಕೇ ಎಂಬ ಶಿಲ್ಪಿಗಳು ತಮ್ಮ ತಂಡದೊಂದಿಗೆ 69 ದಿನದಲ್ಲಿ ಮುಗಿಸಿದರು. ಒಂದೊಂದರಲ್ಲೂ ಸುಮಾರು 3,000 ಮರದ ತುಂಡುಗಳಿವೆ. ಒಬ್ಬ ಬಾಯಿ ತೆರೆದಿದ್ದಾನೆ, ಇನ್ನೊಬ್ಬ ಮುಚ್ಚಿದ್ದಾನೆ. ತೆರೆದದ್ದು ‘ಅ’, ಮುಚ್ಚಿದ್ದು ‘ಹೂಂ’. ಸಂಸ್ಕೃತದ ಅಕ್ಷರಮಾಲೆಯಿಂದ ಹೋದದ್ದು. ಮೊದಲ ಧ್ವನಿ, ಕೊನೆಯ ಧ್ವನಿ, ಅಂದರೆ ಆದಿ ಮತ್ತು ಅಂತ್ಯ.

ಈಗ ಬುದ್ಧ. 724ರಲ್ಲಿ ಶೋಮು ಎಂಬವನು ಚಕ್ರವರ್ತಿಯಾದ. ಅವನ ಕಾಲಕ್ಕೆ ಒಂದರ ಮೇಲೊಂದು ಕಷ್ಟ. ಬರ, ಭೂಕಂಪ, ದಂಗೆ. ಎಲ್ಲಕ್ಕಿಂತ ಭೀಕರ 735ರಿಂದ 737ರವರೆಗಿನ ಸಿಡುಬು. ದೇಶದ ಜನರಲ್ಲಿ ಕಾಲು ಭಾಗ, ಬಹುಶಃ ಮೂರನೇ ಒಂದು ಭಾಗ ಸತ್ತಿರಬೇಕು ಎಂದು ಇತಿಹಾಸಕಾರರ ಅಂದಾಜು. ಆಡಳಿತ ನಡೆಸುತ್ತಿದ್ದ ಫುಜಿವಾರಾ ಮನೆತನದ ನಾಲ್ಕೂ ಅಣ್ಣತಮ್ಮಂದಿರು 737ರ ಒಂದೇ ವರ್ಷದಲ್ಲಿ ಹೋದರು. ದೇಶಕ್ಕೆ ಬಂದ ಕಷ್ಟಕ್ಕೆ ತನ್ನಲ್ಲೇ ಏನೋ ಕೊರತೆ ಇದೆ ಎಂದು ಶೋಮು ನಂಬಿದ. 741ರಲ್ಲಿ ಪ್ರತಿ ಪ್ರಾಂತ್ಯದಲ್ಲೂ ಬೌದ್ಧ ದೇವಸ್ಥಾನ ಕಟ್ಟಲು ಹೇಳಿದ. 743ರಲ್ಲಿ ಎಲ್ಲಕ್ಕೂ ಕಳಶವಿಟ್ಟ ಹಾಗೆ ಒಂದು ಮಹಾಬುದ್ಧನ ಮೂರ್ತಿ ಮಾಡಲು ಆಜ್ಞೆ ಹೊರಡಿಸಿದ.

ಈ ಬುದ್ಧ ನಾವು ಕೇಳಿದ ಶಾಕ್ಯಮುನಿ ಗೌತಮನಲ್ಲ. ಹೆಸರು ವೈರೋಚನ, ಜಪಾನಿನ ಬಾಯಲ್ಲಿ ಬಿರುಶಾನಾ. ಸೂರ್ಯನ ಬೆಳಕಿನ ಹಾಗೆ ಎಲ್ಲೆಡೆ ಹರಡಿರುವ ಬುದ್ಧ. ರೋಗದಿಂದ ಒಡೆದುಹೋದ ದೇಶಕ್ಕೆ ಇಂಥ ಬುದ್ಧನೇ ಬೇಕು ಎಂದು ಅವನಿಗೆ ಅನಿಸಿತು.

ಆ ಆಜ್ಞೆಯಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಮಾತು ಇದೆ. ದೇಶದ ಸಂಪತ್ತು, ಅಧಿಕಾರ ಎಲ್ಲ ತನ್ನದೇ, ಮೂರ್ತಿ ಮಾಡಿಸುವುದು ಸುಲಭ, ಆದರೆ ಹಾಗೆ ಮಾಡಿದರೆ ಅದರಲ್ಲಿ ಜೀವ ಇರುವುದಿಲ್ಲ ಎನ್ನುತ್ತಾನೆ ಶೋಮು. ಯಾರಾದರೂ ಒಂದು ಹುಲ್ಲುಕಡ್ಡಿ, ಒಂದು ಹಿಡಿ ಮಣ್ಣು ತಂದು ಸೇರಿಸುತ್ತೇನೆ ಅಂದರೂ ಬೇಡ ಅನ್ನಬೇಡಿ ಎನ್ನುತ್ತಾನೆ. ಜನರಿಂದ ಸಂಗ್ರಹ ಮಾಡಲು ಗ್ಯೋಕಿ ಎಂಬ ಭಿಕ್ಷುವನ್ನು ಕರೆದ. ಊರೂರು ತಿರುಗಿ ಸೇತುವೆ, ಕೆರೆ ಕಟ್ಟಿಸುತ್ತಿದ್ದ ಭಿಕ್ಷು ಆತ. ಮೊದಲು ಇದೇ ಸರ್ಕಾರ ಆತನನ್ನು ಜನರಿಗೆ ಬೋಧನೆ ಮಾಡದಂತೆ ತಡೆದಿತ್ತು. ಒಟ್ಟು 26 ಲಕ್ಷ ಜನರ ದುಡಿಮೆ, ದಾನ ಸೇರಿತು ಎಂದು ದೇವಸ್ಥಾನದ ದಾಖಲೆ ಹೇಳುತ್ತದೆ.

ಇಷ್ಟು ದೊಡ್ಡ ಕಂಚಿನ ಮೂರ್ತಿಯನ್ನು ಎರಕ ಹೊಯ್ದದ್ದು ಹೇಗೆ? ಒಂದೇ ಸಲಕ್ಕೆ ಸಾಧ್ಯವಿಲ್ಲ. ಮೊದಲು ಮರದ ಚೌಕಟ್ಟಿನ ಮೇಲೆ ಪೂರ್ತಿ ಗಾತ್ರದ ಮಣ್ಣಿನ ಬುದ್ಧ. ಅದರ ಮೇಲೆ ಮಣ್ಣಿನದೇ ಹೊರ ಅಚ್ಚು. ಅಚ್ಚನ್ನು ಬಿಚ್ಚಿ, ಒಳಗಿನ ಬುದ್ಧನ ಮೈಯನ್ನು ಕಂಚು ಎಷ್ಟು ದಪ್ಪ ಬೇಕೋ ಅಷ್ಟು ಹೆರೆದು, ಅಚ್ಚನ್ನು ಮತ್ತೆ ಮುಚ್ಚುತ್ತಾರೆ. ನಡುವಿನ ಸಂದಿಗೆ ಕರಗಿದ ಕಂಚು ಸುರಿಯುತ್ತಾರೆ. ಇದನ್ನು ಬುಡದಿಂದ ಮೇಲಕ್ಕೆ ಎಂಟು ಹಂತದಲ್ಲಿ ಮಾಡಿದರು. ಒಂದು ಹಂತ ಮುಗಿದರೆ ಸುತ್ತಲೂ ಮಣ್ಣಿನ ದಿಬ್ಬ ಏರಿಸಿ, ಅದರ ಮೇಲೆ ಕುಲುಮೆ ಇಟ್ಟು, ಮುಂದಿನ ಹಂತ. ಕೊನೆಗೆ ಬುದ್ಧ ಪೂರ್ತಿ ಮಣ್ಣಿನ ಗುಡ್ಡದೊಳಗೆ ಹೂತುಹೋಗಿದ್ದ. ಆಮೇಲೆ ಗುಡ್ಡ ಅಗೆದು ಹೊರಗೆ ತೆಗೆದರು. 747ರಿಂದ 749ರವರೆಗೆ ಈ ಕೆಲಸ. ತಾಮ್ರವೇ ಸುಮಾರು 500 ಟನ್ ಬೇಕಾಯಿತು.

ಮೇಲೆ ಚಿನ್ನದ ಮುಲಾಮು ಹಾಕಬೇಕಿತ್ತು, ಆದರೆ ಜಪಾನಿನಲ್ಲಿ ಚಿನ್ನ ಸಿಗುತ್ತದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ. 749ರಲ್ಲಿ ಉತ್ತರದ ಮುತ್ಸು ಪ್ರಾಂತ್ಯದಲ್ಲಿ ಸಿಕ್ಕಿತು. ಶೋಮುಗೆ ಎಷ್ಟು ಸಂತೋಷ ಆಯಿತೆಂದರೆ ಶಕೆಯ ಹೆಸರನ್ನೇ ಬದಲಿಸಿದ. ಚಿನ್ನವನ್ನು ಪಾದರಸದಲ್ಲಿ ಕರಗಿಸಿ, ಮೂರ್ತಿಗೆ ಬಳಿದು, ಕೆಂಡದ ಶಾಖ ಕೊಟ್ಟರೆ ಪಾದರಸ ಆವಿಯಾಗಿ ಚಿನ್ನ ಉಳಿಯುತ್ತದೆ. ಆ ಆವಿ ವಿಷ. ಅದನ್ನು ಉಸಿರಾಡುತ್ತಾ ಕೆಲಸ ಮಾಡಿದವರ ಹೆಸರು ಎಲ್ಲೂ ಇಲ್ಲ. ಬುದ್ಧನ ಎದುರು ನಿಂತಾಗ ಅವರನ್ನೂ ನೆನೆಯಬೇಕು ಅನಿಸುತ್ತದೆ.

## ಕಣ್ಣು ಬಿಡಿಸಿದ ಬೋಧಿಸೇನ

ನಮ್ಮಲ್ಲಿ ಹೊಸ ವಿಗ್ರಹಕ್ಕೆ ನೇತ್ರೋನ್ಮೀಲನ ಮಾಡುತ್ತಾರಲ್ಲ, ಅದೇ ವಿಧಿ ಅಲ್ಲೂ ಇದೆ. ಜಪಾನಿನಲ್ಲಿ ‘ಕೈಗೆನ್’ ಎನ್ನುತ್ತಾರೆ. ಕಣ್ಣು ಬಿಡಿಸುವವರೆಗೆ ಅದು ಲೋಹ, ಆಮೇಲೆ ಬುದ್ಧ.

752ರಲ್ಲಿ ದೊಡ್ಡ ಬುದ್ಧನಿಗೆ ಆ ವಿಧಿ ನಡೆಸಿದವರು ಬೋಧಿಸೇನ. ದಕ್ಷಿಣ ಭಾರತದ ಬ್ರಾಹ್ಮಣ ಕುಲದವರು ಎಂದು ಜಪಾನಿನ ದಾಖಲೆಗಳೇ ಹೇಳುತ್ತವೆ. ಭಾರತದಿಂದ ಚೀನಾಕ್ಕೆ ಹೋಗಿದ್ದರು. ಅಲ್ಲಿಗೆ ಬಂದಿದ್ದ ಜಪಾನಿನ ನಿಯೋಗದವರು ಕರೆದದ್ದರಿಂದ 736ರಲ್ಲಿ ಜಪಾನ್ ತಲುಪಿದರು. ಜೊತೆಗೆ ಬಂದವರಲ್ಲಿ ಚಂಪಾದ, ಅಂದರೆ ಈಗಿನ ವಿಯೆಟ್ನಾಂ ಕಡೆಯ ಒಬ್ಬ ಭಿಕ್ಷುವೂ ಇದ್ದರು. ನಾರಾದ ದೈಆನ್‌ಜಿ ದೇವಸ್ಥಾನದಲ್ಲಿ ಬೋಧಿಸೇನರು ಇದ್ದರು. ಜನ ಅವರನ್ನು ‘ಬರಾಮೊನ್ ಸೋಜೋ’ ಎಂದು ಕರೆದರು. ಬರಾಮೊನ್ ಅಂದರೆ ಬ್ರಾಹ್ಮಣ, ಸೋಜೋ ಅಂದರೆ ಭಿಕ್ಷು ಸಂಘದ ದೊಡ್ಡ ಪದವಿ. 760ರಲ್ಲಿ ಜಪಾನಿನಲ್ಲೇ ತೀರಿಕೊಂಡರು.

ಆ ದಿನ ಸುಮಾರು 10,000 ಭಿಕ್ಷುಗಳು ಸೇರಿದ್ದರು ಎನ್ನುತ್ತದೆ ದಾಖಲೆ. ಶೋಮು ಆಗಲೇ ಮಗಳಿಗೆ ಪಟ್ಟ ಬಿಟ್ಟುಕೊಟ್ಟಿದ್ದ, ಆರೋಗ್ಯವೂ ಸರಿ ಇರಲಿಲ್ಲ. ಮುಲಾಮಿನ ಕೆಲಸ ಇನ್ನೂ ಮುಗಿದಿರಲಿಲ್ಲ. ಬೋಧಿಸೇನರು ದೊಡ್ಡ ಕುಂಚ ಹಿಡಿದು ಬುದ್ಧನ ಕಣ್ಣಿಗೆ ಕಪ್ಪು ತುಂಬಿದರು. ಆ ಕುಂಚಕ್ಕೆ ಸುಮಾರು 200 ಮೀಟರ್ ಉದ್ದದ ನೀಲಿ ರೇಷ್ಮೆ ದಾರ ಕಟ್ಟಿದ್ದರು. ಕೆಳಗೆ ನೆರೆದವರು ಅದನ್ನು ಹಿಡಿದುಕೊಂಡಿದ್ದರು, ಕಣ್ಣು ಬಿಡಿಸುವ ಪುಣ್ಯ ಎಲ್ಲರಿಗೂ ಸೇರಲಿ ಅಂತ. ಹುಲ್ಲುಕಡ್ಡಿ ತಂದರೂ ಬೇಡ ಅನ್ನಬೇಡಿ ಎಂದವನ ಮೂರ್ತಿಗೆ ಇದಕ್ಕಿಂತ ಸರಿಯಾದ ವಿಧಿ ಇರಲಾರದು.

ಆ ಕುಂಚ, ಆ ದಾರ ಇವತ್ತಿಗೂ ಇವೆ! ತೋದೈಜಿಯ ಹಿಂದೆ ಶೋಸೋಇನ್ ಎಂಬ ಮರದ ಉಗ್ರಾಣ ಇದೆ. ನೆಲದಿಂದ ಎತ್ತರಕ್ಕೆ ಕಂಬಗಳ ಮೇಲೆ ಕಟ್ಟಿದ್ದು, ನಮ್ಮ ಹಳ್ಳಿಗಳಲ್ಲಿ ಭತ್ತದ ಕಣಜಕ್ಕೆ ತೇವ ತಾಗದ ಹಾಗೆ ಮಾಡುತ್ತಿದ್ದರಲ್ಲ, ಆ ಲೆಕ್ಕದಲ್ಲಿ. ಶೋಮು ತೀರಿದ ಮೇಲೆ ಕೋಮ್ಯೋ ರಾಣಿ ಗಂಡನ ವಸ್ತುಗಳನ್ನು ಬುದ್ಧನಿಗೆ ಅರ್ಪಿಸಿದಳು. ಅವನ್ನು ಇಟ್ಟದ್ದು ಇಲ್ಲಿ. ವಾದ್ಯ, ಬಟ್ಟೆ, ಗಾಜಿನ ಪಾತ್ರೆ, ಔಷಧಿ, ಕಾಗದ ಪತ್ರ, ಎಲ್ಲ ಮಣ್ಣಿನಲ್ಲಿ ಹೂತುಹೋಗದೆ ಉಳಿದಿವೆ. ಪ್ರತಿ ವರ್ಷ ಶರತ್ಕಾಲದಲ್ಲಿ ಕೆಲವನ್ನು ನಾರಾ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಕೆಲವು ದಿನ ತೋರಿಸುತ್ತಾರೆ.

## ಹಾಗಾದರೆ ನಾವು ನೋಡುವುದು ಹಳೆಯದೇ?

ಕಲ್ಲು ಮತ್ತು ಮರದ ಮಾತು ಹೇಳಿದ್ದೆನಲ್ಲ, ಅದು ಇಲ್ಲಿ ಬರುತ್ತದೆ. 855ರ ಭೂಕಂಪದಲ್ಲಿ ಬುದ್ಧನ ತಲೆ ಬಿದ್ದಿತು. 1180ರಲ್ಲಿ ಯುದ್ಧದ ಬೆಂಕಿಗೆ ಭವನವೇ ಹೋಯಿತು, ಬುದ್ಧ ಕರಗಿದ. ಚೋಗೆನ್ ಎಂಬ ಭಿಕ್ಷು 60 ದಾಟಿದ ವಯಸ್ಸಿನಲ್ಲಿ ಊರೂರು ತಿರುಗಿ ಹಣ ಕೂಡಿಸಿ ಮತ್ತೆ ಕಟ್ಟಿಸಿದ. 1185ರಲ್ಲಿ ಮತ್ತೆ ಕಣ್ಣು ಬಿಡಿಸುವಾಗ ಬಳಸಿದ್ದು ಬೋಧಿಸೇನರ ಅದೇ ಕುಂಚ. 1567ರಲ್ಲಿ ಮತ್ತೆ ಯುದ್ಧ, ಮತ್ತೆ ಬೆಂಕಿ. ಆಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಬುದ್ಧ ಸರಿಯಾದ ಸೂರಿಲ್ಲದೆ ಮಳೆ ಬಿಸಿಲಲ್ಲಿ ಕೂತಿದ್ದ. ಕೋಕೇ ಎಂಬ ಭಿಕ್ಷು ಇದನ್ನು ನೋಡಲಾರದೆ ಹಣ ಸಂಗ್ರಹಕ್ಕೆ ಹೊರಟ. 1692ಕ್ಕೆ ಬುದ್ಧನ ದುರಸ್ತಿ ಮುಗಿಯಿತು. ಭವನ ಮುಗಿದದ್ದು 1709ರಲ್ಲಿ, ಕೋಕೇ ತೀರಿಕೊಂಡ ಮೇಲೆ.

ಹೀಗಾಗಿ ಈಗಿನ ಬುದ್ಧನ ತಲೆ 17ನೇ ಶತಮಾನದ್ದು, ಮೈಯ ಬಹುಭಾಗ ನಡುವಿನ ಕಾಲದ್ದು. 8ನೇ ಶತಮಾನದ ಮೂಲ ಕಂಚು ಉಳಿದಿರುವುದು ಮುಖ್ಯವಾಗಿ ಪೀಠದ ತಾವರೆ ದಳಗಳಲ್ಲಿ. ಗೈಡ್ ಆ ದಳಗಳ ಮೇಲಿನ ಸಣ್ಣ ಗೀರುಚಿತ್ರಗಳನ್ನು ತೋರಿಸಿದರೆ ಅವಸರ ಮಾಡಬೇಡಿ. ಕೂತ ಬುದ್ಧನ ಎತ್ತರ ಸುಮಾರು 15 ಮೀಟರ್, ಮುಖವೇ 5 ಮೀಟರಿಗಿಂತ ಉದ್ದ, ಒಂದು ಕಣ್ಣು ಒಂದು ಮೀಟರ್.

ಭವನದ ಅಗಲ ಮೊದಲು 86 ಮೀಟರ್ ಇತ್ತು, ಈಗ 57. 1709ರ ಹೊತ್ತಿಗೆ ಅಷ್ಟು ದೊಡ್ಡ ಮರಗಳೂ ಸಿಗಲಿಲ್ಲ, ಹಣವೂ ಸಾಲಲಿಲ್ಲ. ಒಳಗಿನ ಕಂಬಗಳನ್ನು ಹತ್ತಿರದಿಂದ ನೋಡಿ, ಸುತ್ತಲೂ ಕಬ್ಬಿಣದ ಪಟ್ಟಿ ಕಾಣುತ್ತದೆ. ಒಂದೇ ಮರ ಸಿಗದೆ, ಹಲಗೆಗಳನ್ನು ಸೇರಿಸಿ ಪಟ್ಟಿ ಬಿಗಿದು ಕಂಬ ಮಾಡಿದರು. ಇಷ್ಟಾದರೂ 20ನೇ ಶತಮಾನದ ಕೊನೆಯವರೆಗೆ ಜಗತ್ತಿನ ಅತಿ ದೊಡ್ಡ ಮರದ ಕಟ್ಟಡ ಇದೇ ಆಗಿತ್ತು. ಹಿಂಬದಿಯ ಒಂದು ಕಂಬದ ಬುಡದಲ್ಲಿ ತೂತಿದೆ, ಬುದ್ಧನ ಮೂಗಿನ ಹೊಳ್ಳೆಯಷ್ಟು ಎನ್ನುತ್ತಾರೆ. ನುಸುಳಿದರೆ ಒಳ್ಳೆಯದಾಗುತ್ತದೆ ಎಂಬ ನಂಬಿಕೆ. ಪ್ರವೇಶ ಶುಲ್ಕ 800 ಯೆನ್.

## ಊಟದ ವಿಷಯ

ಸಸ್ಯಾಹಾರಿಗಳು ಇದನ್ನು ಗಮನವಿಟ್ಟು ಓದಿ. ಜಪಾನಿನ ಅಡುಗೆಯ ತಳಪಾಯ ‘ದಾಶಿ’. ನಮ್ಮ ಸಾರಿಗೆ ಬೇಳೆಕಟ್ಟು ಹೇಗೋ ಹಾಗೆ. ಆದರೆ ಅದನ್ನು ಸಾಮಾನ್ಯವಾಗಿ ಒಣಮೀನಿನ ಚೂರಿನಿಂದ ಕುದಿಸಿ ತೆಗೆಯುತ್ತಾರೆ. ಮೇಲೆ ಬರೀ ತರಕಾರಿ ಕಂಡ ಉದೋನ್ ಎಂಬ ದಪ್ಪ ಶಾವಿಗೆಯ ಸಾರಿನಲ್ಲಿ, ಎಷ್ಟೋ ಸಲ ತೋಫು ಪಲ್ಯದಲ್ಲಿ ಕೂಡ ಇದು ಇರುತ್ತದೆ. ಮಾಂಸ ಬೇಡ ಅಂದರೆ ಸಾಲದು, ಮೀನಿನ ದಾಶಿಯೂ ಬೇಡ ಎಂದು ಗೈಡ್ ಮೂಲಕ ಹಿಂದಿನ ದಿನವೇ ಹೇಳಿಸಿ. ಧೈರ್ಯವಾಗಿ ತಿನ್ನಬಹುದಾದದ್ದು ಸಾಂಜೋ ಬೀದಿಯ ಕಡೆ ಸಿಗುವ ಯೊಮೊಗಿ ಮೋಚಿ. ಬೇಯಿಸಿದ ಅಂಟಕ್ಕಿಯನ್ನು ಮರದ ಕೊಡತಿಯಿಂದ ಕುಟ್ಟಿ, ನಮ್ಮ ಮಾಚಿಪತ್ರೆಯ ಜಾತಿಯ ಸೊಪ್ಪು ಸೇರಿಸಿ, ಒಳಗೆ ಸಿಹಿ ಕಾಳಿನ ಹೂರಣ ಇಡುತ್ತಾರೆ. ಮೀನು ತಿನ್ನುವವರಿಗೆ ನಾರಾದ್ದೇ ಆದ ಕಾಕಿನೋಹಾ-ಜುಶಿ ಇದೆ, ಉಪ್ಪು ಹಾಕಿದ ಮೀನು ಮತ್ತು ಅನ್ನವನ್ನು ಕಾಕಿ (ಪರ್ಸಿಮನ್) ಹಣ್ಣಿನ ಗಿಡದ ಎಲೆಯಲ್ಲಿ ಸುತ್ತಿದ್ದು. ಸಮುದ್ರವಿಲ್ಲದ ಸೀಮೆಯಲ್ಲಿ ಮೀನು ಕೆಡದಿರಲು ಕಂಡುಕೊಂಡ ದಾರಿ ಅದು.

## ಕಸುಗಾ ತೈಶಾ, ಮತ್ತು ಸಂಜೆ

ಕಸುಗಾ ತೈಶಾ 768ರಲ್ಲಿ ಸ್ಥಾಪನೆಯಾಯಿತು ಎನ್ನುತ್ತಾರೆ. ಇಲ್ಲಿ ನೋಡಬೇಕಾದದ್ದು ದೀಪಗಳು. ದಾರಿಯುದ್ದಕ್ಕೂ ಪಾಚಿ ಹತ್ತಿದ ಕಲ್ಲಿನ ದೀಪದ ಗೂಡುಗಳು ಸುಮಾರು 2,000, ಒಳಗೆ ತೂಗುಬಿಟ್ಟ ಕಂಚಿನವು ಸುಮಾರು 1,000. ಒಂದೊಂದೂ ಯಾರೋ ಹರಕೆ ಹೊತ್ತು ಕೊಟ್ಟದ್ದು. ಎಲ್ಲವನ್ನೂ ಹಚ್ಚುವುದು ಫೆಬ್ರವರಿ ಆರಂಭದ ಸೆತ್ಸುಬುನ್ ಹಬ್ಬಕ್ಕೆ ಮತ್ತು ಆಗಸ್ಟ್ 14, 15ರಂದು. ಬೇರೆ ದಿನ ಹೋದವರಿಗಾಗಿ ಒಂದು ಕತ್ತಲ ಕೋಣೆಯಲ್ಲಿ ಕೆಲವನ್ನು ಹಚ್ಚಿಟ್ಟಿರುತ್ತಾರೆ. ಗುಡಿಯನ್ನು 20 ವರ್ಷಕ್ಕೊಮ್ಮೆ ಹೊಸದು ಮಾಡುವ ಪದ್ಧತಿ ಇದೆ. 2016ರಲ್ಲಿ ಮುಗಿದದ್ದು 60ನೇ ಸಲ. ಬಣ್ಣ ಹೊಸದಾಗಿ ಕಂಡರೆ ಇದು ಹಳೆಯದಲ್ಲ ಅಂದುಕೊಳ್ಳಬೇಡಿ. ಬಡಗಿ ಕೆಲಸ, ಛಾವಣಿ ಕೆಲಸ ತಲೆಮಾರಿನಿಂದ ತಲೆಮಾರಿಗೆ ದಾಟಲು ಅವರು ಕಂಡುಕೊಂಡ ಉಪಾಯ ಇದು. ಹಿಂದಿನ ಬೆಟ್ಟದ ಕಾಡಿನಲ್ಲಿ 841ರಿಂದಲೂ ಬೇಟೆ, ಮರ ಕಡಿಯುವುದು ನಿಷೇಧ. ದೇವರ ಕಾಡು.

ಸಮಯ ಇದ್ದರೆ ಗೈಡನ್ನು ಬೀಳ್ಕೊಟ್ಟ ಮೇಲೆ ನೀವೇ ನಿಗತ್ಸುದೋಗೆ ಏರಿ. ತೋದೈಜಿಗೇ ಸೇರಿದ, ಇಳಿಜಾರಿನಲ್ಲಿ ಕಟ್ಟಿದ ಮಂಟಪ. ಬಾಗಿಲು ಹಾಕುವುದಿಲ್ಲ, ಟಿಕೆಟ್ಟೂ ಇಲ್ಲ. ಮಾರ್ಚ್ 1ರಿಂದ 14ರವರೆಗೆ ಪ್ರತಿ ಸಂಜೆ ಇಲ್ಲಿ ದೊಡ್ಡ ಪಂಜುಗಳನ್ನು ಹೊತ್ತು ಜಗಲಿಯುದ್ದಕ್ಕೂ ಓಡುತ್ತಾರೆ. ಲೋಕದ ತಪ್ಪುಗಳಿಗಾಗಿ ಭಿಕ್ಷುಗಳು ಕ್ಷಮೆ ಕೇಳುವ ವ್ರತ ಅದು. 752ರಲ್ಲಿ, ಬುದ್ಧನ ಕಣ್ಣು ಬಿಡಿಸಿದ ಅದೇ ವರ್ಷ ಶುರುವಾದದ್ದು ಒಂದು ವರ್ಷವೂ ತಪ್ಪಿಲ್ಲ. ಭವನ ಸುಟ್ಟ ವರ್ಷಗಳಲ್ಲೂ ನಡೆಯಿತು. ಬೇರೆ ದಿನಗಳಲ್ಲಿ ಜಗಲಿಯಲ್ಲಿ ಸುಮ್ನೆ ನಿಲ್ಲಿ. ದೊಡ್ಡ ಬುದ್ಧನ ಭವನದ ಛಾವಣಿ, ಅದರಾಚೆ ಇಡೀ ಊರು, ಮುಳುಗುವ ಸೂರ್ಯ ಕಾಣುತ್ತವೆ.

ಅಲ್ಲಿಂದ ಕಿಂತೆತ್ಸು ಸ್ಟೇಷನ್ನಿಗೆ ಸುಮಾರು ಅರ್ಧ ಗಂಟೆಯ ಇಳಿಜಾರು ನಡಿಗೆ. ರೈಲು ಮೊದಲು ನೆಲದಡಿ ಹೋಗಿ, ಮೇಲೆ ಬಂದು, ಶಿನ್-ಓಮಿಯಾ ಸ್ಟೇಷನ್ ದಾಟಿದ ಕೂಡಲೇ ವಿಶಾಲವಾದ ಹುಲ್ಲು ಬಯಲಿನ ನಡುವೆ ಸಾಗುತ್ತದೆ. ಅದೇ 710ರ ಅರಮನೆಯ ಜಾಗ. ಎಡ ಕಿಟಕಿಯಲ್ಲಿ 1998ರಲ್ಲಿ ಮತ್ತೆ ಕಟ್ಟಿದ ಸುಜಾಕು ದ್ವಾರ, ಬಲಕ್ಕೆ 2010ರಲ್ಲಿ ಮತ್ತೆ ಕಟ್ಟಿದ ಸಭಾಭವನ. ಎರಡು ನಿಮಿಷವೂ ಇರುವುದಿಲ್ಲ, ಆಮೇಲೆ ಸೈದೈಜಿ ಸ್ಟೇಷನ್ ಬರುತ್ತದೆ.